ಪಾಕದ ಕೈ

ಭತ್ತ ಹಾಲುಗಟ್ಟುವಾಗ ಬಂದ ಜ್ವರ
ಹನ್ನೊಂದು ದಿನಕ್ಕೆ ಬಿಟ್ಟಿತು,
ಜವರಪ್ಪನ ಬಲಗೈ ಮಾತ್ರ ಬಿಡಲಿಲ್ಲ.

ಕೀಲಾರದ ಆಲೆಮನೆಯಲ್ಲಿ
ಕುದಿಪಾಕದ ಹನಿ ನೀರಿಗೆ ಬಿಟ್ಟು, ಉಂಡೆಕಟ್ಟಿ
‘ಇಳಿಸ್ರಲಾ’ ಅನ್ನುತ್ತಿದ್ದ ಬೆರಳು
ಈಗ ಬರಿಗಾಳಿಯಲ್ಲಿ ತಿರುವುತ್ತದೆ
ಒಲೆಯಿಲ್ಲದ ಕೊಪ್ಪರಿಗೆ.

‘ಸೊಳ್ಳೆ ತಂದ ವೈರಸ್ಸು,
ಮಿದುಳಲ್ಲಿ ಗುರುತು ಬಿಟ್ಟಿದೆ’
ಮಂಡ್ಯದ ದೊಡ್ಡಾಸ್ಪತ್ರೆ ಡಾಕ್ಟರು, ತಲೆಯೆತ್ತದೆ.
ಊರು ಗಾಳಿ ಅಂದಿತು.
ಕೆಂಪಾಜಮ್ಮ ಏನೂ ಅನ್ನಲಿಲ್ಲ,
ಲೋಟಕ್ಕೆ ಅರ್ಧವೇ ಚಹಾ ಸುರಿಯತೊಡಗಿದಳು.

ನಿದ್ದೆಯಲ್ಲಷ್ಟೇ ಅದು ಸುಮ್ಮನೆ.
ನಡುರಾತ್ರಿ ಎದ್ದು ಕೂತು ನೋಡುತ್ತಾಳೆ:
ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ,
ಮದುವೆಯಾದ ವರ್ಷದ್ದು.
ಮುಟ್ಟುವುದಿಲ್ಲ.

ಬೆಳಿಗ್ಗೆ, ಅವನು ಕಣ್ಣು ಬಿಡುವ ಮುಂಚೆಯೇ
ಕೈ ಏಳುತ್ತದೆ.