ಮುಗಿಯದ ಕೈ

"ಕೈ ಮುಗೀರಿ ಅಜ್ಜಿ" ಅಂದಳು ಡಾಕ್ಟರು ಹುಡುಗಿ.
ನಿಂಗೆ ಮುಗೀದೆ ಇನ್ಯಾರಿಗೆ ತಾಯಿ, ಅಂದ್ಕೊಂಡು
ಎರಡೂ ಎತ್ತಿದೆ.
ಬೆರಳ ತುದಿ ಸೋಕಿದವು, ಅಂಗೈಯ ಬುಡ ಸೋಕಿತು,
ನಡುವೆ ಒಂದು ಸಂದು.
ಬಿತ್ತನೆ ಆಲೂಗಡ್ಡೆ ಒಂದು
ಸಲೀಸಾಗಿ ಕೂರುವಷ್ಟು.

"ಮೇಜಿನ ಮೇಲೆ ಅಂಗೈ ಊರಿ." ಊರಿದೆ.
ಕೆಳಗೆ ಇರುವೆ ಸಾಲು ಹೋಗಬಹುದಿತ್ತು
ತಲೆ ತಗ್ಗಿಸದೆ.
ಸಕ್ಕರೆ, ಅಂದಳು. ಹದಿನಾಲ್ಕು ವರ್ಷದ ಸಕ್ಕರೆ
ಚರ್ಮದಡಿ ಬಿಗಿದಿದೆ, ಪಾಕ ಆರಿದ ಹಾಗೆ.
ಆಲೂಗಡ್ಡೆ ಕಡಿಮೆ ಮಾಡಿ ಅಂತಲೂ ಅಂದಳು.
ನಗು ಬಂತು.

ಶಾಂತಿಗ್ರಾಮದ ಕಡೆ ಮೂವತ್ತೊಂದು ಮುಂಗಾರು
ಜಲಂಧರದ ಮೂಟೆ ಬಿಚ್ಚಿ ಬೀಜ ಕೊಯ್ದವಳು ನಾನು.
ಎಡಗೈಯಲ್ಲಿ ಗಡ್ಡೆ ಒಂದೇ ಸುತ್ತು ತಿರುಗಬೇಕು,
ಹೆಬ್ಬೆರಳಿಗೆ ಕಣ್ಣು ಸಿಗಬೇಕು,
ಹೋಳಿಗೆರಡು ಕಣ್ಣು ಉಳೀಬೇಕು.
ಚಾಕು ನೋಡುವಂಗಿಲ್ಲ.
ಕಣ್ಣಿಲ್ಲದ ಹೋಳು ಮಣ್ಣಿಗೆ ಹಾಕಿದರೆ ಮಣ್ಣೇ.

ಈಗ ಬೆಳಗಾದರೆ ಬೆರಳು ಕೊಕ್ಕೆ.
ಬಳೆಗಾರ ಬಾಬಾಜಾನ್ ಎರಡು ಅಳತೆ ಮೇಲಕ್ಕೆ ಹೋಗಿಯೂ
ಆರು ಬಳೆ ಒಡೆದು, ಕಾಸು ಬೇಡ ಅಂದ.
ನಾ ಕಟ್ಟಿದ ಮುದ್ದೆ ಒಂದು ಮಗ್ಗುಲು ಚಪ್ಪಟೆ.
ಸೊಸೆ ಏನೂ ಅನ್ನಲ್ಲ,
ಆ ಮುದ್ದೆ ತನಗಿಟ್ಟುಕೊಳ್ತಾಳೆ.
ಕೊಯ್ಯೋದು ಚಿಕ್ಕವರಿಗೆ, ನಂದು ಹೋಳು ಹರಡುವ ಕೆಲಸ,
ನೆರಳಲ್ಲಿ, ಗೋಣಿಯ ಮೇಲೆ.
ಮೂಟೆಯೂ ಮುಗಿಯಲ್ಲ, ಕೈಯೂ ಮುಗಿಯಲ್ಲ.

ನಿನ್ನೆ ಬಟವಾಡೆ.
ಜವರಪ್ಪನ ಮಗ, ಈಗಿನ ಸಾವುಕಾರ,
ಕೂಲಿಯಲ್ಲಿ ಇಪ್ಪತ್ತು ಮುರಕೊಂಡು ಮಿಕ್ಕದ್ದು ಕೊಟ್ಟ.
ಸೆರಗಿನ ಗಂಟಿಗೆ ಸೇರಿಸಿ ನಿಂತೆ.
ಪಕ್ಕದಿಂದ ನಿಂಗಾಜಿ ತಿವಿದಳು, ಮುಗಿಯೇ, ಮುಗಿ.
ಎತ್ತಿದೆ. ಅವನು ನೋಡಿದ
ಅರ್ಧ ಎದ್ದು, ಕೂಡದೆ, ಅಲ್ಲೇ ನಿಂತ ಕೈಯನ್ನ.
"ಏನಜ್ಜಿ, ಸೊಕ್ಕಾ?"

ಸೊಕ್ಕಲ್ಲ ಬುದ್ಧಿ, ಸಕ್ಕರೆ.
ನಾಲಿಗೆ ತುದಿಗೆ ಬಂತು.
ಅಲ್ಲೇ ಇಟ್ಟುಕೊಂಡೆ.
ಎಷ್ಟು ವರ್ಷದಿಂದ ಸಿಹಿ ಬಿಟ್ಟವಳು,
ಸ್ವಲ್ಪ ಹೊತ್ತು ಚೀಪಿದೆ.

ಸಂಜೆ ಉಗುರುಬೆಚ್ಚನೆ ನೀರಲ್ಲಿ ಕೈ ಇಳಿಬಿಟ್ಟೆ,
ಡಾಕ್ಟರು ಹೇಳಿದಂತೆ, ಹತ್ತು ನಿಮಿಷ.
ಬೋಗುಣಿಯಲ್ಲಿ ಎರಡು ಗಡ್ಡೆ, ಮಣ್ಣು ಬಿಡುತ್ತಾ.
ಹೆಬ್ಬೆರಳು ತಾನಾಗೇ ತಡಕುತ್ತಿತ್ತು
ಇನ್ನೊಂದು ಕೈಯಲ್ಲಿ
ಕಣ್ಣು ಎಲ್ಲಿದೆ ಅಂತ.