ಋಣ ಚಿಹ್ನೆ

ಇದ್ದಲ್ಲೇ ನಿಂತು ಮೂರು ಕಿಲೋಮೀಟರು ನಡೆದಿದೆ ಈ ಪಿನ್ನು.
ಕಿರುಬೆರಳಿನ ಒಂದು ಗೆಣ್ಣಿನಷ್ಟು ಡೈ ಉಕ್ಕು.
ಕೆಳಗೆ ತಗಡಿನ ಚಕ್ರ ತಿರುಗುತ್ತದೆ,
ಮೇಲೆ ಐದು ಕಿಲೋ ಬಟ್ಟು,
ನಡುವೆ ಹೊಂಗೆ ಎಣ್ಣೆ, ತೊಟ್ಟು ತೊಟ್ಟು.
ಸೆಕೆಂಡಿಗೊಂದು ಮೀಟರು, ಐವತ್ತು ನಿಮಿಷ.
ಬಟವಾಡಿಯಲ್ಲಿ ಹೊರಟು ಬಿ.ಎಚ್. ರಸ್ತೆ ಹಿಡಿದಿದ್ದರೆ
ಇಷ್ಟೊತ್ತಿಗೆ ಟೌನ್‌ಹಾಲ್ ಸರ್ಕಲ್ಲಿನ ಹತ್ತಿರ
ಕಬ್ಬಿನ ಹಾಲು ಕುಡಿಯುತ್ತಿತ್ತು.

ಸ್ಟೂಲಿನ ಮೇಲೆ ಕೂತು ಅದರ ದನಿಗೆ ಕಿವಿಗೊಟ್ಟಿದ್ದೆ.
ಎಣ್ಣೆ ಸಾಲದಾದರೆ ಕಿರುಚುತ್ತದೆ,
ಸಾಕಾದರೆ ಬರೀ ಗುಂಯ್.
ಪರದೆಯ ಮೇಲೆ ಘರ್ಷಣೆಯ ಗೆರೆ
ಮೊದಲ ಹತ್ತು ನಿಮಿಷ ಹೊಸ ಚಪ್ಪಲಿಯ ಹಾಗೆ ಕಚ್ಚಿ
ಆಮೇಲೆ ಪಳಗಿತು.

ಪಿನ್ನು ಮಾಡಿಕೊಟ್ಟವರು ಹಿರೇಹಳ್ಳಿಯ ಗಂಗಹನುಮಯ್ಯ.
ಹೋದ ವರ್ಷ ಅವರ ಪ್ರೆಸ್ಸಿಗೆ ಹೋಗಿ ನಾನೇ ಹೇಳಿದ್ದೆ,
ಡೈ ಕನ್ನಡಿಯಾಗಬೇಕು, ಮುಖ ಕಾಣುವ ಹಾಗೆ ತಿಕ್ಕಿ, ಎಂದು.
ತಿಕ್ಕಿದರು. ಮೂರು ದಿನ, ವಜ್ರದ ಪೇಸ್ಟು ಹಾಕಿ.
ಅದರಲ್ಲಿ ಅವರ ಮೀಸೆಯ ಒಂದೊಂದು ನರೆಯೂ ಕಂಡಿತು.
ಆಮೇಲೆ ಪಂಪ್‌ಸೆಟ್ಟು ಮೋಟಾರಿನ ಟೋಪಿ ಒತ್ತಿದರೆ
ಇಪ್ಪತ್ತಾರನೆಯದಕ್ಕೇ ತಗಡು ಹರಿಯಿತು,
ಹಳೇ ಸೆರಗು ಹರಿದ ಹಾಗೆ, ಪರ್ರನೆ.

"ಎಣ್ಣೆಗೆ ಕೂರಾಕೆ ಜಾಗ ಎಲ್ಲೈತೆ ಮೇಡಂ" ಅಂದರು.
ನನ್ನ ಮೇಲೆ ಸಿಟ್ಟಿತ್ತು. ಕೆಟ್ಟ ಟೋಪಿಗೆ ಹದಿನಾಲ್ಕು ರೂಪಾಯಿಯಂತೆ
ಅವರ ಸಂಬಳದಲ್ಲಿ ಹಿಡಿದಿದ್ದರು.
ಸಾಣೆಕಲ್ಲಿನ ಚೂರು ತಗೊಂಡು ಅದೇ ಕನ್ನಡಿಯ ಮೇಲೆ
ಅಡ್ಡಡ್ಡ ಗೀರಿದರು, ಕಣ್ಣಿಗೆ ಕಾಣದಷ್ಟು ತೆಳ್ಳಗೆ,
ಓಡುವ ನೀರಿಗೆ ಬದು ಹಾಕಿದ ಹಾಗೆ.
ಆ ಗೀರುಗಳನ್ನು ಅಳೆದೆ. ಅರ್ಧ ಮೈಕ್ರಾನು ಆಳ.
ಎರಡು ಪುಟ ಬರೆದೆ. ಪುಟದಲ್ಲಿ ಸಿಟ್ಟು ಬರಲಿಲ್ಲ,
ಹದಿನಾಲ್ಕು ರೂಪಾಯಿಯೂ ಬರಲಿಲ್ಲ.

ಇವತ್ತಿನ ಪಿನ್ನಿನ ಮುಖಕ್ಕೂ ಅವರದೇ ಗೀರು.
ಹೊಂಗೆ ಎಣ್ಣೆಯೆಂದರೆ ಮೂಗು ಮುರಿಯುತ್ತಾರೆ,
"ಎಮ್ಮೆಗೆ ಕಜ್ಜಿಯಾದ್ರೆ ಹಚ್ಚೋದು, ಪ್ರೆಸ್ಸಿಗಲ್ಲ."
ಆದರೂ ಶಿಫ್ಟು ಮುಗಿಸಿ ನೋಡಲು ಬಂದಿದ್ದರು.
ನಾನು ಪಿನ್ನು ಬಿಚ್ಚಿ, ತೊಳೆದು, ತಟ್ಟೆಯಲ್ಲಿಟ್ಟು
ರಿಜಿಸ್ಟರು ಹುಡುಕುವಷ್ಟರಲ್ಲಿ
ಎತ್ತಿಕೊಂಡು ಹೆಬ್ಬೆರಳಲ್ಲಿ ಒಮ್ಮೆ ಸವರಿ,
ಏನೂ ಹೇಳದೆ ಮತ್ತೆ ಇಟ್ಟು
ಏಳೂವರೆ ಬಸ್ಸಿಗೆ ಓಡಿದರು.

ತಕ್ಕಡಿ ಗಾಜಿನ ಗೂಡಿನಲ್ಲಿದೆ. ಉಸಿರು ತಾಕಿದರೂ ಅಲುಗುತ್ತದೆ.
ಫ್ಯಾನು ಆರಿಸಿದೆ.
ಓಡುವ ಮುಂಚೆ ೧೧.೮೦೪೨ ಗ್ರಾಂ.
ಓಡಿದ ಮೇಲೆ ೧೧.೮೦೪೮.
ಮೂರು ಕಿಲೋಮೀಟರು ಉಜ್ಜಿಸಿಕೊಂಡು ಉಕ್ಕು ಬೆಳೆದಿದೆ!
ತೇಯ್ದಷ್ಟೂ ಗಂಧದ ಕೊರಡು ದಪ್ಪವಾಯಿತೆಂದರೆ
ಯಾರು ನಂಬುತ್ತಾರೆ?
'ಸವೆತ' ಎಂಬ ಅಂಕಣದಲ್ಲಿ
ಮೊದಲ ಬಾರಿಗೆ ಋಣ ಚಿಹ್ನೆ.

ತಟ್ಟನೆ ಹೊಳೆಯಲಿಲ್ಲ. ಇನ್ನೆರಡು ಸಲ ತೂಗಿದೆ,
ಮಟ್ಟದ ಗುಳ್ಳೆ ನಡುವೆಯೇ ಇದೆಯೇ ನೋಡಿದೆ,
ಕೊನೆಗೆ ಪಿನ್ನನ್ನು ದೀಪದ ಕೆಳಗೆ ಓರೆಯಾಗಿ ಹಿಡಿದೆ.
ಇತ್ತು, ಹೆಬ್ಬೆಟ್ಟು. ಸುಳಿಸುಳಿಯಾಗಿ,
ನಡುವೆ ಒಂದು ಹಳೇ ಗಾಯದ ಗೆರೆ ಹಾದು.
ಗ್ರೀಸು, ಬೆವರು,
ಬಹುಶಃ ಮಧ್ಯಾಹ್ನದ ಚಿತ್ರಾನ್ನದ ಎಣ್ಣೆ.

ನಿಯಮ ಗೊತ್ತು. ತೊಳೆ, ಒಣಗಿಸು, ಮತ್ತೆ ತೂಗು.
ತೊಳೆದೆ. ೧೧.೮೦೩೯.
ಸವೆದದ್ದು ಮೂರೇ ಮೂರು, ನಾಲ್ಕನೆಯ ದಶಾಂಶದಲ್ಲಿ.
ಒಳ್ಳೆಯ ಎಣ್ಣೆ. ಒಳ್ಳೆಯ ಗೀರು. ಬರೆದುಕೊಂಡೆ.

ಬಟ್ಟಲಲ್ಲಿ ಅಸಿಟೋನು ಆರುತ್ತ ಹೋಯಿತು,
ತಳದಲ್ಲಿ ಒಂದು ಮಬ್ಬು ಉಂಗುರ ಉಳಿಯಿತು.
ಒರೆಸಲೆಂದು ಬಟ್ಟೆ ತಗೊಂಡವಳು
ಹಾಗೇ ಬಿಟ್ಟು, ಮೇಲೊಂದು ಚೀಟಿ ಅಂಟಿಸಿದೆ:
ಗಂ. ಹ., ಹಿರೇಹಳ್ಳಿ. ೦.೦೦೦೯ ಗ್ರಾಂ.
ಲೆಕ್ಕಕ್ಕೆ ತೆಗೆದುಕೊಂಡಿಲ್ಲ.