ಗಲ್ಲಾ ಕೆಳಗಿನ ಖಾನೆ

ಅವನು ಮೊದಲು ಇಡುವುದು ಮೊಬೈಲು,
ಆಮೇಲೆ ಕಾರಿನ ಕೀಲಿ,
ಆಮೇಲೆ ಅಂಗಿ ಎತ್ತಿ, ಸೊಂಟದಿಂದ, ಅದು.
ಶೇಂಗಾದ ತಟ್ಟೆ ತಾನಾಗಿಯೇ ಸರಿಯುತ್ತದೆ
ಗೌಡರು ಬಂದಾಗ ಕಟ್ಟೆಯ ಮೇಲಿನವರು ಸರಿದ ಹಾಗೆ.

ಖಾಜಾ ಟೇಬಲ್ ಒರೆಸುತ್ತಾನೆ.
ಬಟ್ಟೆ ಅದರ ಸುತ್ತ ಹೋಗುತ್ತದೆ,
ಮಲಗಿದ ನಾಯಿಯ ಸುತ್ತ ಕಸ ಗುಡಿಸಿದಂತೆ.

ಹತ್ತೊಂಬತ್ತು ವರ್ಷ ಸಪ್ಲಾಯರ್ ಆಗಿದ್ದೆ, ಈಗ ಗಲ್ಲಾ.
ಬಳ್ಳಾರಿಯ ಹೊಸಪೇಟೆ ರೋಡಿನ ಈ ಬಾರಿನಲ್ಲಿ
ಯಾರ ಕೈ ಎಷ್ಟನೇ ಪೆಗ್ಗಿಗೆ ಲೆಕ್ಕ ತಪ್ಪುತ್ತದೆ, ಬಲ್ಲೆ.
ತನ್ನ ಉಪ್ಪಿನಕಾಯಿಗೆ ಹೊರಟ ಬೆರಳು
ಪಕ್ಕದವನ ಗ್ಲಾಸಿನಲ್ಲಿ ಇಳಿಯುತ್ತದೆ.
ಅದೇ ಬೆರಳು ಸ್ವಾಮಿ, ಬೇರೆ ಬೆರಳಲ್ಲ.

"ಲೈಸನ್ಸ್ ಐತೋ ಹೊನ್ನೂರ" ಅಂತಾನೆ.
ಐತಿ ಅಣ್ಣ. ನಮ್ಮದೂ ಐತಿ, ಗೋಡೆ ಮೇಲೆ, ಗಾಜು ಹಾಕಿಸಿ.
ಎರಡೂ ಲೈಸನ್ಸು ಒಂದೇ ಟೇಬಲ್ಲಿಗೆ ಕುಂತ್ರ
ಬಿಲ್ಲು ಯಾರು ಕೊಡೋದು?
"ಜೀವಕ್ಕೆ ಬೇಕು" ಅಂತಾನೆ.
ಇರಬಹುದು. ಅವನದೂ ಜೀವವೇ.
ಖಾಜಾನ ಸೊಂಟದಲ್ಲಿ ಒರೆಸುವ ಬಟ್ಟೆ ಇದೆ.

ಎಲೆಕ್ಷನ್ ಬಂದರೆ ಸರ್ಕಾರಕ್ಕೆ ಬುದ್ಧಿ ಬರುತ್ತದೆ.
ಬಂದೂಕೆಲ್ಲ ಠಾಣೆಗೆ, ರಸೀದಿ ಬರೆಸಿ.
ಓಟಿನ ಮುಂಚೆ ಎರಡು ದಿನ ನಮ್ಮ ಶಟರೂ ಕೆಳಗೆ.
ಓಟಿಗೂ ಬಂದೂಕಿಗೂ ಆಗದು,
ಓಟಿಗೂ ಕುಡಿತಕ್ಕೂ ಆಗದು,
ಉಳಿದ ಐದು ವರ್ಷ ಬಂದೂಕು ಕುಡಿತ ಎರಡೂ
ಒಂದೇ ತಟ್ಟೆಯಲ್ಲಿ ಉಣ್ಣಬಹುದು.

ಆ ತಿಂಗಳು ಅವನು ಖಾಲಿ ಸೊಂಟದಲ್ಲಿ ಬಂದ.
ಉಡುದಾರ ಹರಿದ ಮಗುವಿನ ಹಾಗೆ
ಕೂತಲ್ಲೇ ಎರಡು ಸಲ ಮುಟ್ಟಿ ನೋಡಿಕೊಂಡ.
ಆ ತಿಂಗಳು ಖಾಜಾನನ್ನು ಹೆಸರು ಹಿಡಿದು ಕರೆದ.
ಮಗಳಿಗೆ ಗಣಿತ ಬರುವುದಿಲ್ಲ ಎಂದು ಅತ್ತ.

ಫಲಿತಾಂಶ ಮುಗಿದ ವಾರ ಮಾಲಕ ಗಾದಿಲಿಂಗಪ್ಪ
ಗಲ್ಲಾ ಕೆಳಗೊಂದು ಖಾನೆ ಮಾಡಿಸಿದರು, ಬೀಗ ಸಮೇತ.
ಗುಡಿ ಮುಂದೆ ಚಪ್ಪಲಿಗೆ ಕೊಡುವಂಥ
ಹಿತ್ತಾಳೆ ಬಿಲ್ಲೆ ಹತ್ತು.
ಇನ್ನೊಬ್ಬರ ಬಂದೂಕು ಇಟ್ಕಳ್ಳದೂ ತಪ್ಪು ಅಂದರು
ವಕೀಲ ಎರ್ರಿಸ್ವಾಮಿ, ಮೂರನೇ ಬಿಯರಿನಲ್ಲಿ.
ಇಬ್ಬರು ಬೈಪಾಸಿನ ಬಾರಿಗೆ ಎದ್ದು ಹೋದರು.
ಹೋಗಲಿ ಬಿಡು ಅನ್ನುವುದು ನನಗೆ ಸುಲಭ,
ಬಾಡಿಗೆ ಕಟ್ಟುವವನು ನಾನಲ್ಲ.
ಅವನು ಬೈದ, ಗೊಣಗಿದ, ಕೊಟ್ಟ.
ಏಳನೇ ಬಿಲ್ಲೆ.

ಒಂದು ರಾತ್ರಿ ಆ ಬಿಲ್ಲೆ ವಾಪಸು ಬರಲಿಲ್ಲ.
ಅವನನ್ನು ನಾಲ್ವರು ಹೊತ್ತು ಕಾರಿಗೆ ಹಾಕಿದ್ದರು.
ಶಟರ್ ಎಳೆದು ಖಾನೆಯ ಪಕ್ಕ ಚಾಪೆ ಹಾಸಿದೆ.
ಒಳಗಿನದು ಏನೂ ಮಾಡಲಿಲ್ಲ. ಪಾಪ, ಕಬ್ಬಿಣ.
ನಮ್ಮ ಸಂಡೂರಿನ ಗುಡ್ಡದಿಂದಲೇ ಹೋಗಿತ್ತೋ ಏನೋ,
ಲಾರಿ ಹತ್ತಿ, ಹಡಗು ಹತ್ತಿ,
ಊರು ನೆನಪಾಗಿ ತಿರುಗಿ ಬಂದದ್ದು.
ಕೈ ಎರಡು ಸಲ ಬೀಗದ ಮೇಲೆ ಹೋಯಿತು.
ನನ್ನ ಕೈ. ಹನಿಯೂ ಕುಡಿಯದ ಕೈ.
ಯಾರ ಮುಖ ಕಣ್ಣ ಮುಂದೆ ಇತ್ತೆಂದು
ಮನೆಯವಳಿಗೂ ಹೇಳಿಲ್ಲ.

ಬೆಳಿಗ್ಗೆ ಹತ್ತಕ್ಕೆ ಬಂದ, ಜೇಬು ತಡಕುತ್ತ.
"ರಾತ್ರಿ ಏನಾತು?"
ಏನೂ ಆಗ್ಲಿಲ್ರಿ, ಅಂದೆ.

ಸೋಡಾ ತಡವಾದದ್ದು, ಅವನು ಎದ್ದದ್ದು,
ಅಂಗಿ ಎತ್ತಿ ಸೊಂಟಕ್ಕೆ ಹೋದ ಕೈ
ಅಲ್ಲಿ ಏನೂ ಸಿಗದೆ ಒಂದು ಗಳಿಗೆ ನಿಂತು
ಬರಿಗೈಯಾಗಿಯೇ ಮೇಲೆ ಬಂದು
ಒಂದು ಕಪಾಳಕ್ಕೆ ಮುಗಿದದ್ದು,
ಹೇಳಲಿಲ್ಲ.

ಊದಿದ ಕೆನ್ನೆಯ ಖಾಜಾ
ಅವನ ಮುಂದೆ ಟೀ ಇಟ್ಟ.
ಸಕ್ಕರೆ ಎಷ್ಟು, ಕೇಳಿದ.